ಅಲಾರಮ್ಮ

ಕಣ್ಣಿಗೆ ಬಿಡುವ ಹನಿ ಔಷಧ ತಯಾರಿಸುವ ಕಾರ್ಖಾನೆಯಲ್ಲಿ ಅವಳು ಹಿರಿಯ ಆಟೊಮೇಷನ್ ಎಂಜಿನಿಯರ್. ಕೋಣೆಯ ಬಾಗಿಲಿಗೆ ಅಂಟಿಸಿದ್ದ ಫಲಕದಲ್ಲಿ ಹಾಗೇ ಇತ್ತು. ಅಷ್ಟುದ್ದದ ಹೆಸರು ಹಿಡಿದು ಕರೆಯಲು ಯಾರಿಗೆ ಪುರುಸೊತ್ತು? ಎದುರಿಗೆ ಎಲ್ಲರೂ ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ಅಲಾರಮ್ಮ. ಯಾವ ಮೂಲೆಯಲ್ಲಿ ಯಾವ ಯಂತ್ರ ಕೀಂಯ್ ಅಂದರೂ ಉಳಿದವರು ಕತ್ತೆತ್ತಿ ನೋಡುವಷ್ಟರಲ್ಲಿ ಅವಳು ಅಲ್ಲಿ ನಿಂತಿರುತ್ತಿದ್ದಳು. ಆ ಹೆಸರು ಅವಳ ಕಿವಿಗೂ ಬಿದ್ದಿತ್ತು. ಬೇಸರವೇನೂ ಆಗಿರಲಿಲ್ಲ. ಅಡ್ಡಹೆಸರಿಲ್ಲದ ಒಬ್ಬ ಮನುಷ್ಯನೂ ಆ ಕಾರ್ಖಾನೆಯಲ್ಲಿರಲಿಲ್ಲ.

ಮನೆಯಲ್ಲಿ ಅತ್ತೆಗೆ ಈ ಕೆಲಸ ಏನೆಂದು ತಿಳಿಸಿ ಹೇಳುವುದೇ ಒಂದು ಸಾಹಸವಾಗಿತ್ತು.

"ಪಕ್ಕದ ಮನೆಯವರು ಕೇಳ್ತಾರೆ, ನಿಮ್ಮ ಸೊಸೆ ಅಲ್ಲಿ ಏನು ಮಾಡ್ತಾಳೆ ಅಂತ. ಏನು ಹೇಳಲಿ?"

"ಯಂತ್ರಗಳಿಗೆ ಬುದ್ಧಿ ಹೇಳೋ ಕೆಲಸ ಅನ್ನಿ ಅತ್ತೆ."

"ಗಂಡನಿಗೆ ಹೇಳಿ ಹೇಳಿ ಸಾಕಾಗಿ ಯಂತ್ರಕ್ಕೆ ಹೇಳೋಕೆ ಹೋದ್ಯಾ?" ಎಂದು ಅತ್ತೆ ಬೊಚ್ಚುಬಾಯಿ ತೆರೆದು ನಕ್ಕಿದ್ದರು. ಮೂಲೆಯಲ್ಲಿ ಮಕ್ಕಳ ಚಿತ್ರಗಳನ್ನು ತಿದ್ದುತ್ತಿದ್ದ ಗಂಡ, ಶಾಲೆಯೊಂದರ ಡ್ರಾಯಿಂಗ್ ಮೇಷ್ಟ್ರು, ತಲೆ ಎತ್ತದೆ ತಾನೂ ನಕ್ಕಿದ್ದ.

ಅವಳದ್ದು ಹುಟ್ಟಿನಿಂದಲೇ ಹೇಸಿಕೊಳ್ಳುವ ಸ್ವಭಾವ. ಚಿಕ್ಕವಳಿದ್ದಾಗ ಬಸ್ಸಿನ ಕಂಬಿ ಹಿಡಿಯಲು ಕರವಸ್ತ್ರ ಬೇಕಿತ್ತು. ಬೇರೆಯವರು ಎಂಜಲು ಮಾಡಿದ ಲೋಟವೆಂದರೆ ಬಾಯಾರಿ ಸತ್ತರೂ ಮುಟ್ಟುತ್ತಿರಲಿಲ್ಲ. ಬಾಚಣಿಗೆಯಲ್ಲಿ ಸಿಕ್ಕಿದ ಕೂದಲು ನೋಡಿದರೆ ಊಟ ಬಿಟ್ಟು ಏಳುತ್ತಿದ್ದಳು. ಒಡಹುಟ್ಟಿದವರೆಲ್ಲ ಸೇರಿ, ಇವಳನ್ನು ಕಟ್ಟಿಕೊಳ್ಳುವ ಗಂಡನ್ನು ಮೊದಲು ಬಿಸಿನೀರಲ್ಲಿ ಕುದಿಸಿ ತೆಗೆಯಬೇಕು ಎಂದು ಗೇಲಿ ಮಾಡುತ್ತಿದ್ದರು. ಓದು ಮುಗಿದ ಮೇಲೆ ಸಿಮೆಂಟು, ಸಕ್ಕರೆ, ಟೈರು ಹೀಗೆ ಎಲ್ಲೆಲ್ಲಿಂದಲೋ ಕೆಲಸಕ್ಕೆ ಕರೆ ಬಂದರೂ ಅವಳು ಔಷಧದ ಕಾರ್ಖಾನೆಯನ್ನೇ ಹುಡುಕಿಕೊಂಡು ಬಂದದ್ದು ಇದಕ್ಕೇ. ಅಲ್ಲಿ ಒಳಗೆ ಹೋಗಬೇಕಾದರೆ ಮೈಮೇಲಿನ ಬಟ್ಟೆ ಬಿಚ್ಚಿ, ಕೈ ತೊಳೆದು, ಕೂದಲು ಮುಚ್ಚಿ, ಮೂಗು ಬಾಯಿ ಕಟ್ಟಿ, ಅಡಿಯಿಂದ ಮುಡಿಯವರೆಗೆ ಬಿಳಿ ಚೀಲದಂಥ ದಿರಿಸಿನೊಳಗೆ ತೂರಿಕೊಳ್ಳಬೇಕು. ಉಳಿದವರಿಗೆ ಅದು ಪೀಡೆ. ಅವಳಿಗೆ ಆ ದಿರಿಸಿನ ಜಿಪ್ಪು ಕುತ್ತಿಗೆಯವರೆಗೆ ಏರಿದಾಗಲೇ ಉಸಿರು ಸರಾಗವಾಗುತ್ತಿತ್ತು.

ಕಾರ್ಖಾನೆಯ ಜೀವವೆಲ್ಲ ಇದ್ದದ್ದು ಹನಿ ತುಂಬುವ ಕೋಣೆಯಲ್ಲಿ. ಪುಟ್ಟ ಪುಟ್ಟ ಬಾಟಲಿಗಳು ಸಾಲುಗಟ್ಟಿ ಬಂದು, ತಮ್ಮ ಪಾಲಿನ ಔಷಧ ತುಂಬಿಸಿಕೊಂಡು, ಮುಚ್ಚಳ ಹಾಕಿಸಿಕೊಂಡು ಹೊರಗೆ ಹೋಗುತ್ತಿದ್ದವು. ಆ ಕೋಣೆಗೆ ಸೂರಿನಿಂದ ಸೋಸಿದ ಗಾಳಿಯನ್ನು ಒತ್ತಿ ಒತ್ತಿ ತುಂಬುತ್ತಾರೆ. ಬಾಗಿಲು ತೆರೆದರೆ ಒಳಗಿನ ಗಾಳಿ ಹೊರಗೆ ನುಗ್ಗಬೇಕೇ ಹೊರತು ಹೊರಗಿನ ಕೊಳೆ ಒಳಗೆ ಬರಬಾರದು. ಆ ಒತ್ತಡ ಕುಸಿದರೆ ಅಲಾರಂ ಕೂಗಬೇಕು, ತುಂಬುವ ಯಂತ್ರ ತಾನಾಗಿಯೇ ನಿಲ್ಲಬೇಕು. ಅದನ್ನೆಲ್ಲ ಯಂತ್ರಕ್ಕೆ ಕಲಿಸಿದ್ದು ಅವಳು. ಕೋಣೆಯ ಉಸಿರು ಅವಳ ಮೇಜಿನ ಮೇಲಿನ ಪರದೆಯಲ್ಲಿ ಹಸಿರು ಗೆರೆಯಾಗಿ ಹರಿಯುತ್ತಿತ್ತು.

ಆ ಕಾರ್ಖಾನೆಯ ಮುಖ್ಯಸ್ಥ ಅವಳ ಭಾವ, ಗಂಡನ ಅಣ್ಣ.

ಭಾವನನ್ನು ಕೆಟ್ಟವರೆಂದು ಹೇಳಿದರೆ ಯಾರೂ ನಂಬುತ್ತಿರಲಿಲ್ಲ, ಅವಳೂ ನಂಬುತ್ತಿರಲಿಲ್ಲ. ತಂದೆ ಹೋದ ಮೇಲೆ ತಮ್ಮನನ್ನು ಓದಿಸಿದವರು ಅವರು. ಅವಳ ಗಂಡ ಹಳದಿ ಕಾಮಾಲೆಯಿಂದ ಹಾಸಿಗೆ ಹಿಡಿದಾಗ ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿ ಎದ್ದವರು. ಮನೆಯ ಮಹಡಿಯಲ್ಲಿ ಅವರ ಸಂಸಾರ, ಕೆಳಗೆ ಇವರದು, ಅತ್ತೆ ಎರಡೂ ಕಡೆಗೆ. ರಜೆಯ ದಿನ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತರೆ ಭಾವ ಕಿತ್ತಳೆ ಹಣ್ಣು ಸುಲಿದು, ನಾರು ತೆಗೆದು, ಒಂದೊಂದೇ ತೊಳೆಯನ್ನು ಎಲ್ಲರ ತಟ್ಟೆಗೂ ಹಾಕುತ್ತಿದ್ದರು. "ತಗೋಮ್ಮ, ನಿಂಗೆ ಬೀಜ ಇಲ್ಲದ್ದು" ಎಂದು ಸಣ್ಣ ಸೊಸೆಗೆ ಮೊದಲು. ಇನ್ನೊಬ್ಬರ ಕೈ ತಾಗಿದ್ದನ್ನು ತಿನ್ನದ ಅವಳು ಭಾವನ ಕೈಯ ಹಣ್ಣನ್ನು ಮಾತ್ರ ತಿನ್ನುತ್ತಿದ್ದಳು. ಅಷ್ಟು ಚೊಕ್ಕ ಕೈ. ಜೇಬಿನಲ್ಲಿ ಸದಾ ಕೈಗೆ ಹಚ್ಚಿಕೊಳ್ಳುವ ಜೆಲ್ಲಿನ ಸಣ್ಣ ಸೀಸೆ. ಬಾಗಿಲ ಹಿಡಿಕೆ ಮುಟ್ಟಿದರೂ ಒಂದು ಹನಿ ತೆಗೆದು ಬೆರಳ ಸಂದಿಗಳನ್ನೆಲ್ಲ ಉಜ್ಜಿಕೊಳ್ಳುತ್ತಿದ್ದರು. ನಿಂಬೆಯ ಘಮ ಅವರಿಗಿಂತ ಎರಡು ಹೆಜ್ಜೆ ಮುಂದೆ ಬರುತ್ತಿತ್ತು.

ಆ ವರ್ಷದ ಬೇಸಿಗೆಯಲ್ಲಿ ಹಸಿರು ಗೆರೆ ಮುಗ್ಗರಿಸತೊಡಗಿತು. ಅಲಾರಂ ಕೂಗುವುದು, ಯಂತ್ರ ನಿಲ್ಲುವುದು, ಒತ್ತಡ ಮತ್ತೆ ಏರುವುದು, ಯಂತ್ರ ಹೊರಡುವುದು. ಮೊದಮೊದಲು ಅಪರೂಪಕ್ಕೆ, ಆಮೇಲೆ ದಿನವೂ, ಕೊನೆಗೆ ಗಂಟೆಗೊಮ್ಮೆ. ಅವಳು ಒತ್ತಡ ಅಳೆಯುವ ಉಪಕರಣವನ್ನು ಬದಲಾಯಿಸಿದಳು. ತಂತಿ ನೋಡಿದಳು. ಪ್ರೋಗ್ರಾಮನ್ನು ಸಾಲು ಸಾಲಾಗಿ ಓದಿದಳು. ತಪ್ಪು ಸಿಗಲಿಲ್ಲ.

ಭಾವ ಅವಳನ್ನು ಕೋಣೆಗೆ ಕರೆಸಿದರು. ಕಾರ್ಖಾನೆಯಲ್ಲಿ ಅವರು ಸರ್, ಇವಳು ಮೇಡಂ; ಬಾಗಿಲು ಮುಚ್ಚಿದ ಮೇಲೆ ಮಾತ್ರ ಸಂಬಂಧ ನೆನಪಾಗುತ್ತಿತ್ತು.

"ಇದೇನಮ್ಮ ಇದು, ನಿನ್ನ ಯಂತ್ರ ಹೆದರುಪುಕ್ಕಲ ಆಗಿಬಿಟ್ಟಿದೆ. ಸ್ವಲ್ಪ ಗಾಳಿ ಅಲ್ಲಾಡಿದ್ರೆ ಬಾಯಿ ಬಡ್ಕೊಳ್ಳುತ್ತೆ."

"ಗಾಳಿ ನಿಜವಾಗ್ಲೂ ಕಡಿಮೆ ಆಗ್ತಿದೆ ಸರ್. ಎಲ್ಲೋ ಸೋರ್ತಿದೆ."

"ಇರಲಿ. ಒತ್ತಡ ಇಳಿದ ತಕ್ಷಣ ಕೂಗೋ ಬದಲು ಒಂದು ಐದು ನಿಮಿಷ ಕಾದು ಕೂಗು ಅಂತ ಹೇಳು ಅದಕ್ಕೆ. ಅಷ್ಟರಲ್ಲಿ ತಾನೇ ಸರಿಹೋಗುತ್ತೆ. ನಿಂಗೆ ಅದೆಷ್ಟು ಹೊತ್ತಿನ ಕೆಲಸ?"

"ಕೆಲಸ ಕ್ಷಣದ್ದು ಸರ್. ಆದ್ರೆ ಆ ಐದು ನಿಮಿಷದಲ್ಲಿ ತುಂಬಿದ ಬಾಟಲಿ ಏನು ಮಾಡೋದು?"

ಭಾವ ಜೆಲ್ಲಿನ ಸೀಸೆ ತೆಗೆದರು. "ಮಾಡೋದೇನು, ಮುಚ್ಚಳ ಹಾಕೋದು" ಎಂದು ನಕ್ಕರು. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ಅವಳೂ ನಕ್ಕಳು. ಎಲ್ಲಿ ಸೋರುತ್ತಿದೆಯೆಂದು ಕಂಡುಹಿಡಿದೇ ಬರುತ್ತೇನೆಂದು ಹೇಳಿ ಎದ್ದಳು.

ತುಂಬುವ ಕೋಣೆಯ ಸೂರಿನ ಮೇಲೆ ಇನ್ನೊಂದು ಅಂತಸ್ತಿದೆ. ಗಾಳಿಯ ಕೊಳವೆಗಳು, ನೀರಿನ ಪೈಪುಗಳು, ತಂತಿಗಳು ಓಡಾಡುವ ಜಾಗ. ತಲೆ ಬಗ್ಗಿಸಿಕೊಂಡೇ ನಡೆಯಬೇಕು. ಅಲ್ಲಿ ರಿಪೇರಿಯವರ ಹೊರತು ಯಾರೂ ಹೋಗುವುದಿಲ್ಲ. ರಿಪೇರಿಯ ಫೋರ್‌ಮನ್‌ಗೆ ಟೇಪಣ್ಣ ಎಂದು ಹೆಸರು. ಪೈಪು ಸೋರಲಿ, ಕುರ್ಚಿಯ ಕಾಲು ಮುರಿಯಲಿ, ಅವನ ಬಳಿ ಇದ್ದದ್ದು ಒಂದೇ ಮದ್ದು, ಬೆಳ್ಳಿ ಬಣ್ಣದ ಅಂಟು ಟೇಪು. ಅವಳು ಏಣಿಗೆ ಕಾಲಿಟ್ಟದ್ದನ್ನು ಕಂಡು ಅವನು ಓಡಿಬಂದ.

"ನೀವ್ಯಾಕೆ ಮೇಡಂ ಹತ್ತೋದು? ಮೇಲೆ ಧೂಳು. ನಿಮಗೆ ಆಗಲ್ಲ."

"ಧೂಳು ತಾನೇ? ಬನ್ನಿ, ಟಾರ್ಚ್ ಹಿಡೀರಿ."

ಮೇಲೆ ಹೋದಾಗ ಮೊದಲು ಸಿಕ್ಕಿದ್ದು ವಾಸನೆ. ಹಳೆಯ ಗೋಣಿಚೀಲ ಒದ್ದೆಯಾಗಿ ಕೊಳೆತಂಥ, ಮೂಗಿನ ಹಿಂಭಾಗಕ್ಕೆ ಹೋಗಿ ಅಂಟಿಕೊಳ್ಳುವ ಕಮಟು. ಅವಳು ಮೂಗಿಗೆ ತೋಳು ಒತ್ತಿಕೊಂಡು ಮುಂದೆ ಸಾಗಿದಳು. ತುಂಬುವ ಕೋಣೆಗೆ ಸರಿಯಾಗಿ ಮೇಲ್ಗಡೆ, ದೊಡ್ಡ ಕೊಳವೆಯಿಂದ ಸೋಸುವ ಫಿಲ್ಟರಿನ ಪೆಟ್ಟಿಗೆಗೆ ಗಾಳಿ ಇಳಿಸುವ ಬಟ್ಟೆಯ ಕೊಳವೆ ಹರಿದಿತ್ತು. ಹರಿದ ಜಾಗಕ್ಕೆ ಯಾರೋ ಒಂದು ಟವೆಲ್ ಸುತ್ತಿ, ಅದರ ಮೇಲೆ ಬೆಳ್ಳಿ ಟೇಪು ಬಿಗಿದಿದ್ದರು. ಟವೆಲ್ ಎಂದೋ ಬಿಳಿಯದಾಗಿದ್ದಿರಬೇಕು. ಈಗ ಕರ್ರಗೆ ಜಿಡ್ಡುಗಟ್ಟಿ, ಒಂದು ಬದಿ ಕಚ್ಚಿ ಚಿಂದಿಯಾಗಿತ್ತು. ಅದರ ಸಂದಿಯಿಂದ ಗಾಳಿ ಬುಸುಗುಟ್ಟುತ್ತಿತ್ತು.

"ಇದು ಯಾವಾಗ ಸುತ್ತಿದ್ದು?"

ಟೇಪಣ್ಣ ಟಾರ್ಚನ್ನು ಬೇರೆ ಕಡೆ ತಿರುಗಿಸಿದ. "ಹೋದ ಚಳಿಗಾಲದಲ್ಲಿ ಮೇಡಂ. ಹೊಸದು ತರಿಸ್ತೀವಿ ಅಂದ್ರು. ತಾತ್ಕಾಲಿಕ."

"ಟಾರ್ಚ್ ಇತ್ತ ಹಿಡೀರಿ."

ಅವಳು ಹರಿದ ಬಾಯಿಯನ್ನು ಪೆನ್ನಿನ ತುದಿಯಿಂದ ಅಗಲಿಸಿ ಒಳಗೆ ಬಗ್ಗಿ ನೋಡಿದಳು. ಫಿಲ್ಟರಿನ ಬೆನ್ನ ಮೇಲೆ, ಬಿಳಿ ಕಾಗದದಂಥ ಆ ಮಡಿಕೆಗಳ ಮೇಲೆ, ಇಲಿ ಸಂಸಾರ ಹೂಡಿತ್ತು. ಟವೆಲಿನ ನೂಲು, ಹರಿದ ಕೈಗವಸು, ಯಾರದೋ ತಲೆಗೂದಲು, ಎಲ್ಲ ಸೇರಿಸಿ ಹೆಣೆದ ಗೂಡು. ಸುತ್ತ ಹಿಕ್ಕೆ, ಹಳೆಯದರ ಮೇಲೆ ಹೊಸದು. ಗೂಡಿನೊಳಗೆ ಗುಲಾಬಿ ಬಣ್ಣದ, ಕಣ್ಣು ಬಿಡದ ಮರಿಗಳು ಒಂದರ ಮೇಲೊಂದು ಹೊರಳಾಡುತ್ತಿದ್ದವು. ಅವುಗಳ ಅಡಿಯಲ್ಲಿ ಫಿಲ್ಟರ್ ಕಂದುಬಣ್ಣಕ್ಕೆ ನೆನೆದು ಹೊಟ್ಟೆ ಬಿಟ್ಟಿತ್ತು.

ಅವಳಿಗೆ ಕೆಳಗಿನ ಕೋಣೆಯ ಸೂರು ನೆನಪಾಯಿತು. ಅಲ್ಲಿ ಜಾಲರಿಯ ಮೂಲೆಯಲ್ಲಿ ಚಹಾದ ಬಣ್ಣದ ಕಲೆಯೊಂದು ಮೂಡುತ್ತಿತ್ತು. ಕೆಲಸದ ಹೆಂಗಸರು ಬೆಳಿಗ್ಗೆ ಸ್ಪಿರಿಟ್ಟಿನಲ್ಲಿ ಒರೆಸಿದರೆ ಸಂಜೆಗೆ ಮತ್ತೆ ಹಾಜರು. ತುಕ್ಕು ಇರಬೇಕೆಂದು ಎಲ್ಲರೂ ಅಂದುಕೊಂಡಿದ್ದರು. ಅವಳೂ. ಆ ಕಲೆಯ ನೇರ ಕೆಳಗೆ ಬಾಯಿ ತೆರೆದ ಬಾಟಲಿಗಳು ಸಾಲಾಗಿ ಹೋಗುತ್ತಿದ್ದವು.

 ಏಣಿಯವರೆಗೂ ಹೋಗಲಾಗಲಿಲ್ಲ, ಅಲ್ಲೇ ಕಂಬ ಹಿಡಿದು ಕಕ್ಕಿದಳು. ಟೇಪಣ್ಣ ತನ್ನ ಹೆಗಲಿನ ಟವೆಲನ್ನು ಅವಳತ್ತ ಚಾಚಿದ. ಅದನ್ನು ನೋಡಿ ಇನ್ನೊಂದು ಸಲ ಕಕ್ಕಿದಳು.

ಭಾವನಿಗೆ ಹೇಳಿದಾಗ ಅವರ ಮುಖದಲ್ಲಿ ಆಶ್ಚರ್ಯ ಕಾಣುತ್ತದೆಂದು ಅವಳು ಕಾದಿದ್ದಳು. ಅವರು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದರು, ಅಷ್ಟೇ.

"ಯಾರ್ಯಾರು ನೋಡಿದ್ರಿ?"

"ನಾನು, ಟೇಪಣ್ಣ."

"ಸರಿ. ಆ ಗೂಡು ಇವತ್ತೇ ತೆಗೆಸ್ತೀನಿ. ಹೊಸ ಕೊಳವೆ, ಹೊಸ ಫಿಲ್ಟರ್, ಎಲ್ಲಾ ಮುಂದಿನ ತಿಂಗಳ ಶಟ್‌ಡೌನಲ್ಲಿ. ಈಗ ನಿಲ್ಲಿಸಿದ್ರೆ ಕೋಣೆ ಮತ್ತೆ ಶುದ್ಧ ಮಾಡಿ ಶುರು ಮಾಡೋಕೆ ವಾರಗಟ್ಟಲೆ ಬೇಕು. ಮಾಲೀಕರು ನನ್ನ ಚರ್ಮ ಸುಲೀತಾರೆ."

"ಭಾವ, ಅದು ಕಣ್ಣಿಗೆ ಬಿಡೋ ಔಷಧ."

"ಗೊತ್ತಮ್ಮ. ನೀನು ಹುಟ್ಟೋಕೆ ಮುಂಚೆಯಿಂದ ಮಾಡ್ತಿದೀನಿ. ಪ್ರತಿ ಸಲ ಪರೀಕ್ಷೆ ಮಾಡಿಯೇ ಕಳಿಸ್ತೀವಿ ಅಲ್ವಾ? ಪಾಸ್ ಆಗ್ತಿದೆ ಅಲ್ವಾ?" ಅವರು ದನಿ ತಗ್ಗಿಸಿದರು. "ನೀನು ಮೊದ್ಲಿಂದಲೂ ಸ್ವಲ್ಪ ಅಸಹ್ಯ ಪಟ್ಕೊಳ್ಳೋದು ಜಾಸ್ತಿ. ಮನೆಗೆ ಹೋಗಿ ರೆಸ್ಟ್ ತಗೋ. ಈ ಅಲಾರಂ ಒಂದು ಐದು ನಿಮಿಷ ಕಾಯೋ ಹಾಗೆ ಮಾಡಿಬಿಡು, ಸಾಕು."

"ಅದು ನನ್ನ ಕೈಲಿ ಆಗಲ್ಲ."

"ಆಯ್ತು ಬಿಡು" ಎಂದರು ಭಾವ, ಮಗು ಹಟ ಹಿಡಿದಾಗ ಹೇಳುವ ಹಾಗೆ.

ಅಂದು ಸಂಜೆ ಗೂಡನ್ನೇನೋ ತೆಗೆದರು. ಟವೆಲಿನ ಬದಲು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಹೊಸ ಟೇಪು. ನೆನೆದ ಫಿಲ್ಟರ್ ಅಲ್ಲೇ ಉಳಿಯಿತು. ಅವಳು ಮನೆಗೆ ಹೋಗಿ ಎರಡು ಸಲ ತಲೆಗೆ ಸ್ನಾನ ಮಾಡಿದಳು. ಗಂಡನ ಮುಂದೆ ಎಲ್ಲವನ್ನೂ ಹೇಳಿದಳು. ಅವನು ಕೇಳಿಸಿಕೊಂಡು, "ಅಣ್ಣ ಏನಾದ್ರೂ ಮಾಡ್ತಾನೆ ಬಿಡೇ, ಅಷ್ಟು ಬೇಜವಾಬ್ದಾರಿ ಮನುಷ್ಯ ಅಲ್ಲ" ಎಂದ. ಅವಳಿಗೂ ಹಾಗೆಂದು ನಂಬಬೇಕಿತ್ತು.

ಅದೇ ವಾರ ಅತ್ತೆಗೆ ಕಣ್ಣಿನ ಪೊರೆಯ ಆಪರೇಷನ್. ಆಸ್ಪತ್ರೆಯಲ್ಲಿ ಜೊತೆಗಿರಲು ಅವಳು ರಜೆ ಹಾಕಿದಳು. ಮಧ್ಯಾಹ್ನ ಭಾವ ಹಣ್ಣಿನ ಬುಟ್ಟಿ ಹಿಡಿದುಕೊಂಡು ಬಂದರು, ಅಮ್ಮನ ಹಣೆ ಸವರಿದರು, ನರ್ಸುಗಳನ್ನೆಲ್ಲ ನಗಿಸಿದರು. "ನೀನು ಹೋಗಿ ಚಹಾ ಕುಡಿದು ಬಾಮ್ಮ, ಸುಸ್ತಾಗಿದೀಯ" ಎಂದು ಅವಳನ್ನು ಕ್ಯಾಂಟೀನಿಗೆ ಕಳಿಸಿದರು. ಅವಳು ಮರಳಿ ಬರುವಷ್ಟರಲ್ಲಿ ಔಷಧದ ಚೀಲವನ್ನು ತಾವೇ ಜೋಡಿಸಿಟ್ಟು ಹೊರಟುಹೋಗಿದ್ದರು. ಎಂಥ ಮಗ ಎಂದು ಪಕ್ಕದ ಹಾಸಿಗೆಯ ಅಜ್ಜಿ ಹೊಗಳಿದರು.

ಮರುದಿನ ಕಾರ್ಖಾನೆಗೆ ಹೋದರೆ ಅಲಾರಂ ಇಲ್ಲ. ಒಂದು ಗಂಟೆ ಕಳೆಯಿತು, ಎರಡು ಕಳೆಯಿತು, ಎಲ್ಲಿಯೂ ಒಂದು ಕೀಂಯ್ ಇಲ್ಲ. ತುಂಬುವ ಕೋಣೆಯ ಹೆಂಗಸರು ಗಾಜಿನಾಚೆಯಿಂದ ಅವಳಿಗೆ ಹೆಬ್ಬೆರಳು ಎತ್ತಿ ತೋರಿಸಿದರು. ಯಂತ್ರದ ಕಾಯಿಲೆ ವಾಸಿಯಾಯಿತೆಂದು ಅವರ ಖುಷಿ. ಅವಳು ಪ್ರೋಗ್ರಾಮ್ ತೆರೆದಳು. ಅಲಾರಂಗೆ ಐದು ನಿಮಿಷ ಕಾಯಲು ಹೇಳಿದ್ದಾರೆ. ಅಷ್ಟೇ ಅಲ್ಲ, ಒತ್ತಡ ಕುಸಿದರೆ ಯಂತ್ರ ನಿಲ್ಲಬೇಕೆಂಬ ಸಾಲನ್ನೇ ಕತ್ತರಿಸಿ ಬಿಟ್ಟಿದ್ದಾರೆ. ಯಾರು ಮಾಡಿದ್ದೆಂದು ನೋಡಿದರೆ ಪಕ್ಕದಲ್ಲಿ ಅವಳದೇ ಹೆಸರು.

ಟೇಪಣ್ಣ ಅವಳ ಕೋಣೆಯ ಬಾಗಿಲಲ್ಲಿ ತಲೆ ಕೆರೆಯುತ್ತ ನಿಂತಿದ್ದ. "ನಿನ್ನೆ ಹೊರಗಿನಿಂದ ಒಬ್ಬರನ್ನ ಕರೆಸಿದ್ರು ಮೇಡಂ. ನಿಮ್ಮ ಪಾಸ್‌ವರ್ಡ್ ಸಾಹೇಬ್ರ ಹತ್ರ ಇತ್ತಂತೆ."

ಇತ್ತು. ಹಿಂದೊಮ್ಮೆ ಅವಳು ಜ್ವರದಲ್ಲಿ ಮಲಗಿದ್ದಾಗ, ತುರ್ತಿಗೆ ಬೇಕಾಗುತ್ತದೆಂದು ಭಾವ ಫೋನಿನಲ್ಲಿ ಕೇಳಿದ್ದರು. ಮನೆಯವರು ಕೇಳಿದರೆಂದು ಹೇಳಿದ್ದಳು. ಯಾರೋ ತನ್ನ ಹಲ್ಲುಜ್ಜುವ ಬ್ರಷ್ ಬಳಸಿ ಅಲ್ಲೇ ವಾಪಸ್ ಇಟ್ಟ ಹಾಗೆನಿಸಿ ಮೈ ಜುಂ ಎಂದಿತು. ಕೀಬೋರ್ಡಿನಿಂದ ಕೈ ಹಿಂದೆಗೆದುಕೊಂಡಳು. ತಕ್ಷಣ ಎದ್ದು ಜಗಳ ತೆಗೆಯಬೇಕಿತ್ತೇನೋ. ಕಾಮಾಲೆಯ ದಿನಗಳಲ್ಲಿ ಆಸ್ಪತ್ರೆಯ ಬೆಂಚಿನ ಮೇಲೆ ಮುದುಡಿ ಮಲಗಿದ್ದ ಭಾವನ ಚಿತ್ರ ಅಡ್ಡ ಬಂತು. ನಾಳೆ ಮಾತಾಡಿದರಾಯಿತೆಂದು ಮನೆಗೆ ಹೊರಟಳು.

ಮನೆಯಲ್ಲಿ ಅತ್ತೆ ಕಪ್ಪು ಕನ್ನಡಕ ಹಾಕಿಕೊಂಡು ಕಿಟಕಿಯ ಪಕ್ಕ ಕೂತಿದ್ದರು. ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಮೊದಲ ಸಲ ಹನಿ ಬಿಡುವ ಹೊತ್ತಾಗಿತ್ತು. ಅವಳು ಕೈ ತೊಳೆದು ಬಂದು ಚೀಲದಿಂದ ಬಾಟಲಿ ತೆಗೆದಳು. ಬೇರೆ ಕಂಪನಿಯದು.

"ಅತ್ತೆ, ಇದು ನಮ್ಮ ಕಂಪನಿಯದ್ದಲ್ಲ."

"ಅದನ್ನೇ ನಾನೂ ಕೇಳಿದ್ದು! ಡಾಕ್ಟರು ಕೊಟ್ಟಿದ್ದು ನಿಮ್ಮದೇ ಕಣೆ. ಬಾಟಲಿ ಮೇಲೆ ನಿಮ್ಮ ಕಂಪನಿಯ ಆ ನೀಲಿ ಹಕ್ಕಿ ಇತ್ತು, ನಂಗೆ ಒಂದು ಕಣ್ಣಾದ್ರೂ ಕಾಣುತ್ತಲ್ಲ. ನನ್ನ ಮಗ, ಸೊಸೆ ಮಾಡಿದ್ದು ಅಂತ ನರ್ಸಿಗೂ ಹೇಳ್ದೆ. ನೀನು ಚಹಾಕ್ಕೆ ಹೋದದ್ದೇ ತಡ, ದೊಡ್ಡವನು ಕೈಯಿಂದ ಕಿತ್ಕೊಂಡು ಕಸದ ಡಬ್ಬಕ್ಕೆ ಹಾಕಿಬಿಟ್ಟ. ಹೊರಗೆ ಹೋಗಿ ಇದನ್ನ ತಂದ. ಆಮೇಲೆ ಎಷ್ಟು ಹೊತ್ತು ಕೈಗೆ ಆ ಜೆಲ್ಲು ಹಚ್ಚಿ ಉಜ್ಜಿದ್ನೋ, ಕೆಂಡ ಮುಟ್ಟಿದೋರ ಥರ."

ಅವಳು ಬಾಟಲಿ ಹಿಡಿದುಕೊಂಡು ನಿಂತೇ ಇದ್ದಳು.

"ಬಿಡೇ ಹನಿ. ಕತ್ತು ನೋಯ್ತಿದೆ."

ಹನಿ ಬಿಟ್ಟಳು. ಕಣ್ಣಿನಿಂದ ಜಾರಿದ್ದನ್ನು ಹತ್ತಿಯಲ್ಲಿ ಒತ್ತಿ ಒರೆಸಿದಳು. ಇಲಿಯ ಗೂಡು ನೋಡಿದಾಗ ಬಂದದ್ದು ಹೊಟ್ಟೆಯ ಅಸಹ್ಯ. ಕಕ್ಕಿ ಕೈ ತೊಳೆದರೆ ಹೋಗುವಂಥದು. ಇದು ಬೇರೆ. ಇದು ಎದೆಯಲ್ಲಿ ಕೂತಿತು, ಕಕ್ಕಲೂ ಬರಲಿಲ್ಲ. ಇಲಿಗೇನು ಗೊತ್ತು ಪಾಪ, ಬೆಚ್ಚಗಿತ್ತು, ಮರಿ ಹಾಕಿತು. ಈ ಮನುಷ್ಯನಿಗೆ ಎಲ್ಲ ಗೊತ್ತಿತ್ತು.

ಆ ಸಂಜೆ ಅತ್ತೆಯ ನೆಪದಲ್ಲಿ ಎಲ್ಲರೂ ಕೆಳಗೇ ಊಟಕ್ಕೆ ಸೇರಿದರು. ಊಟ ಮುಗಿಯುತ್ತ ಬಂದಾಗ ಭಾವ ಎಂದಿನಂತೆ ಕಿತ್ತಳೆ ತೆಗೆದುಕೊಂಡರು. ಸಿಪ್ಪೆ ಒಂದೇ ಸುರುಳಿಯಾಗಿ ಬಿಚ್ಚಿಕೊಂಡಿತು. ಮೊದಲ ತೊಳೆ ಅವಳ ತಟ್ಟೆಗೆ ಬಂತು.

"ತಗೋಮ್ಮ."

ಉಗುರು ನೀಟಾಗಿ ಕತ್ತರಿಸಿದ ಆ ಬೆರಳುಗಳನ್ನು ಅವಳು ನೋಡಿದಳು. ತಟ್ಟೆಯನ್ನು ಮುಂದಕ್ಕೆ ತಳ್ಳಿದಳು.

"ನಂಗೆ ಬೇಡ ಭಾವ."

"ಯಾಕೆ, ಹುಳಿ ಇಲ್ಲ, ನೋಡು."

"ನಿನ್ನೆ ಅತ್ತೆ ಕೈಯಿಂದ ನಮ್ಮ ಬಾಟಲಿ ಯಾಕೆ ಕಿತ್ಕೊಂಡ್ರಿ?"

 ಓರಗಿತ್ತಿ ಚಮಚ ಕೆಳಗಿಟ್ಟಳು. ಭಾವ ಎರಡನೆಯ ತೊಳೆಯ ನಾರು ತೆಗೆಯುತ್ತಲೇ, "ಆ ಬ್ಯಾಚ್ ಸ್ವಲ್ಪ ಹಳೇದಿತ್ತು" ಎಂದರು.

"ಹೊಸದು. ಈಗ ಆಸ್ಪತ್ರೆಗಳಲ್ಲಿ ಇರೋದೆಲ್ಲ ಹೋದ ತಿಂಗಳದ್ದು. ಮೇಲೆ ಇಲಿ ಗೂಡು ಕಟ್ಟಿದ್ದಾಗಿನದು."

"ಊಟದ ಹೊತ್ತಲ್ಲಿ ಇದೇನೇ?" ಎಂದಳು ಓರಗಿತ್ತಿ, ಮುಖ ಸಿಂಡರಿಸಿ.

"ಕಾರ್ಖಾನೆ ಮಾತು ಕಾರ್ಖಾನೇಲಿ" ಎಂದರು ಭಾವ. ದನಿಯಲ್ಲಿ ಇನ್ನೂ ಸಕ್ಕರೆ ಇತ್ತು.

"ಕಾರ್ಖಾನೇಲಿ ನಂಗೆ ಏನು ಹೇಳಿದ್ರಿ? ಪರೀಕ್ಷೆ ಪಾಸ್ ಆಗಿದೆ, ಏನೂ ಆಗಲ್ಲ ಅಂದ್ರಿ. ಅತ್ತೆ ಕಣ್ಣಿಗೆ ಬಂದಾಗ ಮಾತ್ರ ಯಾಕೆ ಬೇಡವಾಯ್ತು? ನನ್ನ ಹೆಸರಲ್ಲಿ ಕಳ್ಳತನದಿಂದ ಅಲಾರಂ ಬಾಯಿ ಮುಚ್ಚಿಸಿದ್ರಿ. ಬಾಟಲಿ ಬದಲಾಯಿಸೋಕೆ ನನ್ನನ್ನ ಚಹಾ ಕುಡೀಲಿಕ್ಕೆ ಕಳಿಸಿದ್ರಿ!"

ಗಂಡ ಅವಳ ತೋಳು ಮುಟ್ಟಿದ. ಅವಳು ಕೊಡವಿಕೊಂಡಳು.

ಅತ್ತೆ ಕಪ್ಪು ಕನ್ನಡಕದ ಹಿಂದಿನಿಂದ ಒಬ್ಬೊಬ್ಬರ ದನಿ ಬಂದ ಕಡೆಗೂ ಮುಖ ತಿರುಗಿಸುತ್ತಿದ್ದರು. "ಏನೋ ಅದು, ಇಲಿ ಅಂತಾಳೆ? ನಂಗೆ ಬಿಡಿಸಿ ಹೇಳಿ ಯಾರಾದ್ರೂ."

ಅವಳು ಬಿಡಿಸಿ ಹೇಳಿದಳು. ಟವೆಲು, ಗೂಡು, ಹಿಕ್ಕೆ, ಕಲೆ, ಬಾಟಲಿ. ಯಾವುದನ್ನೂ ಬಿಡಲಿಲ್ಲ. ಓರಗಿತ್ತಿ ನಡುವೆಯೇ ಎದ್ದು ಮಹಡಿಗೆ ಹೋದಳು. ಎಲ್ಲ ಮುಗಿದ ಮೇಲೆ ಅತ್ತೆ ದೊಡ್ಡ ಮಗನ ಕಡೆ ತಿರುಗಿದರು.

"ಊರವರ ಕಣ್ಣು ಕಣ್ಣಲ್ವೇನೋ?"

"ಅಮ್ಮಾ, ಇದೆಲ್ಲ ನಿಂಗೆ ಅರ್ಥ ಆಗಲ್ಲ."

"ನನ್ನ ಕಣ್ಣಿಗೆ ಆಗಬಾರದು ಅಂತ ನಿಂಗೆ ಅರ್ಥ ಆಯ್ತಲ್ಲ, ಅಷ್ಟು ಸಾಕು ನಂಗೆ."

ಭಾವ ಎದ್ದರು. ಜೇಬಿಗೆ ಕೈ ಹೋಯಿತು, ಸೀಸೆ ಬಂತು, ನಿಂಬೆಯ ಘಮ ಮೇಜಿನ ತುಂಬ ಹರಡಿತು. ಅವಳಿಗೆ ಅಂದಿನಿಂದ ನಿಂಬೆ ಹಣ್ಣನ್ನು ಮೂಸಿದರೂ ಆಗುವುದಿಲ್ಲ.

ಮರುದಿನ ಬೆಳಿಗ್ಗೆ ಅವಳು ಕಾರ್ಖಾನೆಗೆ ಹೋಗಿ ಕತ್ತರಿಸಿದ ಸಾಲನ್ನು ಮತ್ತೆ ಸೇರಿಸಿದಳು. ಪಾಸ್‌ವರ್ಡ್ ಬದಲಾಯಿಸಿದಳು. ಯಂತ್ರ ನಿಂತಿತು, ಅಲಾರಂ ಕೂಗಿತು. ಚಹಾದ ಹೊತ್ತಿಗೆ ಹೊರಗಿನ ಆ ಮನುಷ್ಯ ಮತ್ತೆ ಹಾಜರಾದ. ದೊಡ್ಡ ಹೊಟ್ಟೆಯ, ಕ್ಷಮೆ ಕೇಳುವ ನಗುವಿನವನು. ಯಂತ್ರದ ಹಿಂದಿನ ಪೆಟ್ಟಿಗೆ ತೆರೆದು ಪ್ರೋಗ್ರಾಮಿನ ಗೊಡವೆಯೇ ಬೇಡವೆಂದು ಒತ್ತಡ ಕುಸಿದರೂ ಯಂತ್ರ ನಿಲ್ಲದ ಹಾಗೆ ನೇರವಾಗಿ ಒಂದು ತುಂಡು ತಂತಿ ಸಿಕ್ಕಿಸಿದ. "ನಮ್ಮದು ಹೊಟ್ಟೆಪಾಡು ಮೇಡಂ" ಎಂದ. ಯಂತ್ರ ಮತ್ತೆ ಹೊರಟಿತು. ಅವಳು ಆ ತಂತಿಯನ್ನು, ಅವನ ಬೆವರು ಅಂಟಿದ್ದ ಸ್ಕ್ರೂಡ್ರೈವರನ್ನು, ಗಾಜಿನಾಚೆ ಸರಸರನೆ ತುಂಬುತ್ತಿದ್ದ ಬಾಟಲಿಗಳನ್ನು ನೋಡಿದಳು. ಕೈಚೀಲ ತೆಗೆದುಕೊಂಡು ಗೇಟು ದಾಟಿದಳು.

ಶಾಲೆಯ ಗೇಟಿನಲ್ಲಿ ಗಂಡನನ್ನು ಕರೆಸಿದಳು. "ಔಷಧ ನಿಯಂತ್ರಣದ ಆಫೀಸಿಗೆ ಹೋಗಬೇಕು. ನೀವು ಬರದಿದ್ರೂ ಹೋಗ್ತೀನಿ."

ಅವನು ಬೆರಳಿಗೆ ಅಂಟಿದ್ದ ಬಣ್ಣವನ್ನು ಒರೆಸಿಕೊಂಡ. "ಅವನು ನನ್ನ ಅಣ್ಣ ಕಣೆ."

"ಗೊತ್ತು ರೀ."

"ಸ್ಕೂಟರ್ ತರ್ತೀನಿ ಇರು" ಎಂದ.

ಅಧಿಕಾರಿಯ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು, ಗಾಳಿ ಬರುತ್ತಿರಲಿಲ್ಲ. ಆತ ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತ, ಇಂಥ ದೂರು ಬೇಕಾದಷ್ಟು ಕೇಳಿದ್ದೇನೆಂಬ ಮುಖ ಮಾಡಿಕೊಂಡು ಕೂತಿದ್ದ. ಕೆಲಸ ಬಿಡಿಸಿದ್ದಾರಾ, ಬಡ್ತಿ ಸಿಗಲಿಲ್ಲವಾ, ಮ್ಯಾನೇಜರ್ ಜೊತೆ ಜಗಳವಾ ಎಂದು ಒಂದೊಂದಾಗಿ ಕೇಳಿದ. ಅವಳು ಇಲ್ಲ, ಇಲ್ಲ ಎಂದಳು. ಗೂಡಿನ ವಿಷಯಕ್ಕೆ ಬಂದಾಗ ಮಾತ್ರ, "ಗೂಡು ಫಿಲ್ಟರ್‌ಗಿಂತ ಹಿಂದೆ ಕೊಳವೇಲಿ ಇತ್ತಾ, ಫಿಲ್ಟರ್ ಮೇಲೇನೇ ಇತ್ತಾ?" ಎಂದ.

"ಮೇಲೇನೇ. ನೆನೆದು ಕೆಳಗೆ ಇಳಿದಿದೆ. ಫಿಲ್ಟರ್ ಇನ್ನೂ ಅಲ್ಲೇ ಇದೆ."

ಬಿಸ್ಕತ್ತು ಮುರಿದು ಲೋಟದೊಳಗೆ ಬಿತ್ತು. ಅವನು ಲೋಟವನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಅದನ್ನು ಮುಟ್ಟಲಿಲ್ಲ.

ಮರುದಿನ ಹೇಳದೆ ಕೇಳದೆ ಇಲಾಖೆಯ ಜೀಪು ಬಂತು. ಅಧಿಕಾರಿ ಏಣಿ ಹತ್ತಿದ; ಇಳಿದು ಬಂದಾಗ ಮುಖ ಸುಣ್ಣದ ಹಾಗಾಗಿತ್ತು. ತುಂಬುವ ಕೋಣೆಗೆ ಮೊಹರು ಬಿತ್ತು. ಅಂಗಡಿಗಳಿಗೆ ಹೋಗಿದ್ದ ಬಾಟಲಿಗಳನ್ನು ವಾಪಸ್ ಕರೆಸಿದರು. ಲಾರಿಗಳಲ್ಲಿ ಅವು ಮರಳಿ ಬಂದು ಅಂಗಳದಲ್ಲಿ ಪೆಟ್ಟಿಗೆ ಪೆಟ್ಟಿಗೆಯಾಗಿ ರಾಶಿ ಬಿದ್ದವು. ಎಷ್ಟೋ ಬಾಟಲಿಗಳು ಬರಲೇ ಇಲ್ಲ. ಆಗಲೇ ಯಾರ ಯಾರ ಕಣ್ಣಿಗೋ ಬಿದ್ದು ಮುಗಿದಿದ್ದವು. ಯಾರಿಗಾದರೂ ಏನಾದರೂ ಆಯಿತೇ ಎಂದು ಅವಳು ಅಧಿಕಾರಿಯನ್ನು ಕೇಳಿದಳು. "ಕಣ್ಣು ಕೆಂಪಾದ್ರೆ ಜನ ಕಣ್ಣೇ ಉಜ್ಜಿಕೊಳ್ತಾರೆ, ಬಾಟಲಿ ಮೇಲೆ ಯಾರೂ ಅನುಮಾನ ಪಡಲ್ಲ" ಎಂದ ಆತ. ಅದಕ್ಕಿಂತ ಹೆಚ್ಚೇನೂ ಅವಳಿಗೆ ಎಂದೂ ಗೊತ್ತಾಗಲಿಲ್ಲ.

ಟೇಪಣ್ಣನನ್ನು ಕೆಲಸದಿಂದ ತೆಗೆದರು. ಟವೆಲ್ ಸುತ್ತಿದವನು ಅವನೇ ತಾನೇ! ಸುತ್ತು ಎಂದವರು ಕುರ್ಚಿಯಲ್ಲೇ ಉಳಿದರು. ಭಾವನಿಗೆ ಇನ್ನೊಂದು ದೊಡ್ಡ ಕೋಣೆ ಕೊಟ್ಟು, ಸಲಹೆಗಾರರೆಂದು ಹೆಸರು ಬದಲಿಸಿದರು. ಅವಳು ಮಾಲೀಕರ ಮುಂದೆ ನಿಂತು ಟೇಪಣ್ಣನ ಪರ ಮಾತಾಡಿದಳು. ಮಾಲೀಕರು ಕೇಳಿಸಿಕೊಂಡು, ಕರವಸ್ತ್ರದಿಂದ ಮೂಗು ಒರೆಸಿಕೊಂಡು, "ನಿಮಗಿನ್ನೂ ಕೆಲಸ ಇದೆ ಅನ್ನೋದಕ್ಕೆ ಖುಷಿಪಡಿ" ಎಂದರು.

ಅವಳಿಗೆ ಕೆಲಸ ಇದ್ದದ್ದು ಪ್ರೀತಿಯಿಂದಲ್ಲ. ಮತ್ತೆ ಶುರು ಮಾಡಬೇಕಾದರೆ ಒಂದೊಂದು ಅಲಾರಮ್ಮನ್ನೂ ಕೂಗಿಸಿ ತೋರಿಸಬೇಕೆಂದು ಅಧಿಕಾರಿ ಪಟ್ಟು ಹಿಡಿದಿದ್ದ. ಆ ಯಂತ್ರದ ಕರುಳೆಲ್ಲ ಬಲ್ಲವಳು ಅವಳೊಬ್ಬಳೇ. ಬಿಟ್ಟು ಹೋಗಿಬಿಡು, ಇನ್ನೂ ಅಲ್ಲೇ ಇರೋಕೆ ನಿಂಗೆ ಹೇಸಿಗೆ ಆಗಲ್ವಾ ಎಂದು ಗಂಡ ಕೇಳಿದ. ಆಗುತ್ತದೆ ಎಂದಳು. ಆದರೆ ತಾನು ಬಿಟ್ಟರೆ ಆ ಕುರ್ಚಿಗೆ ದೊಡ್ಡ ಹೊಟ್ಟೆಯ ಮನುಷ್ಯ ಬಂದು ಕೂರುತ್ತಾನೆ ಎನ್ನುವುದು ಅವಳಿಗೆ ಇನ್ನೂ ಹೆಚ್ಚು ಹೇಸಿಗೆಯ ವಿಷಯವಾಗಿತ್ತು. ತಿಂಗಳುಗಟ್ಟಲೆ ದುಡಿದಳು. ಹೊಸ ಕೊಳವೆ, ಹೊಸ ಫಿಲ್ಟರ್, ಹೊಸ ಬೀಗ. ಯಂತ್ರದ ಪೆಟ್ಟಿಗೆಯಲ್ಲಿ ಯಾರೂ ತಂತಿ ಸಿಕ್ಕಿಸದ ಹಾಗೆ ವ್ಯವಸ್ಥೆ ಮಾಡಿದಳು. ಮೇಲಿನ ಅಂತಸ್ತಿಗೆ ಪ್ರತಿ ವಾರ ತಾನೇ ಹತ್ತತೊಡಗಿದಳು.

ಮನೆ ಎರಡಾಯಿತು. ಓರಗಿತ್ತಿ ಮೆಟ್ಟಿಲ ಬಾಗಿಲಿಗೆ ಚಿಲಕ ಹಾಕಿಸಿದಳು. ಬೀದಿಯಲ್ಲಿ ಎದುರಾದ ನೆಂಟರು, ಮನೆ ಒಡೆದವಳೆಂದು ಕಣ್ಣಿನಲ್ಲೇ ಹೇಳಿ ಮುಂದೆ ಹೋಗುತ್ತಿದ್ದರು. ಅವಳೂ ಗಂಡನೂ ಎರಡು ಬೀದಿಯಾಚೆ ಬಾಡಿಗೆ ಮನೆ ಹಿಡಿದಾಗ ಅತ್ತೆ ಯಾರನ್ನೂ ಕೇಳದೆ ತಮ್ಮ ಬಟ್ಟೆಗಳನ್ನು ಗಂಟು ಕಟ್ಟಿ ಸ್ಕೂಟರಿನ ಹಿಂದೆ ಕೂತರು. "ಇನ್ನೊಂದು ಕಣ್ಣಿನ ಆಪರೇಷನ್ ಬಾಕಿ ಇದೆ. ಹನಿ ಬಿಡೋಕೆ ಯಾರಾದ್ರೂ ಬೇಕಲ್ಲ" ಎಂದರು. ಆದರೂ ದೊಡ್ಡ ಮಗನ ಫೋನು ಬಂದರೆ ಪಕ್ಕದ ಕೋಣೆಗೆ ಹೋಗಿ, ಊಟ ಆಯ್ತಾ, ಬಿಪಿ ಮಾತ್ರೆ ತಗೊಂಡ್ಯಾ ಎಂದು ಮೆಲ್ಲಗೆ ಮಾತಾಡುತ್ತಿದ್ದರು. ಅವಳು ಕೇಳಿಸದವಳಂತೆ ಇರುತ್ತಿದ್ದಳು.

ತುಂಬುವ ಕೋಣೆ ಮತ್ತೆ ಶುರುವಾದ ದಿನ ಭಾವನೂ ಗಾಜಿನ ಹೊರಗೆ ಬಂದು ನಿಂತರು. ಎಲ್ಲರ ಕೈ ಕುಲುಕಿದರು. ಅವಳ ಮುಂದೆಯೂ ಕೈ ಚಾಚಿ, ಬೇರೆಯವರಿಗೆ ಕೇಳುವ ಹಾಗೆ, "ಅಭಿನಂದನೆ ಮೇಡಂ. ಮನೆ ಹುಡುಗಿ ಅಂತ ಹೇಳ್ಕೊಳ್ಳೋಕೆ ಹೆಮ್ಮೆ" ಎಂದರು. ಅವಳ ಎರಡೂ ಕೈಗಳು ಕೈಗವಸಿನಲ್ಲಿದ್ದವು. ಆದರೂ ಮುಂದೆ ಬರಲಿಲ್ಲ. ಚಾಚಿದ ಕೈ ಸ್ವಲ್ಪ ಹೊತ್ತು ಹಾಗೇ ಇದ್ದು, ಜೇಬಿನ ಕಡೆ ತಿರುಗಿತು.

ಅವಳು ಒಳಗೆ ಹೋಗಿ ಬಾಗಿಲೆಳೆದುಕೊಂಡಳು. ಗಾಳಿ ಬುಸ್ ಎಂದು ಹೊರಗೆ ನುಗ್ಗಿತು.